ಮುಲಾಮು ಆಮೇಲೆ, ಮೊದಲು ಕುರ್ಚಿ

ಸಂಜೆ ಗೌರಿಬಿದನೂರಿನಲ್ಲಿ ಗಾರ್ಮೆಂಟ್ಸ್ ಬಿಟ್ಟು ಬಸ್ ಹತ್ತುವ ಹೆಂಗಸರನ್ನು ನೋಡಿ. ಒಂದು ಕೈ ಕಂಬಿ ಮೇಲೆ, ಇನ್ನೊಂದು ಸೊಂಟದ ಮೇಲೆ. ಬೆಳಗ್ಗೆ ಹಸು ಕರೆದು, ಡೇರಿಗೆ ಹಾಲು ಹಾಕಿ, ಆಮೇಲೆ ದಿನವಿಡೀ ಮೆಷಿನ್ ಮುಂದೆ ಬಗ್ಗಿ ಕೂತವರು. ರಾತ್ರಿ ಮುಲಾಮು ತಿಕ್ಕುತ್ತಾರೆ. ಬೆಳಗ್ಗೆ ಮತ್ತೆ ಅದೇ ಕುರ್ಚಿ.

ಆ ಕುರ್ಚಿಯಿಂದಲೇ ಶುರು ಮಾಡಿ. ಭುಜ ಸಡಿಲ ಬಿಟ್ಟು ಕೂತು, ಕೈಗಳನ್ನು ಟೇಬಲ್ ಮೇಲಿಡಿ. ಭುಜ ಕಿವಿಯತ್ತ ಏರಿದರೆ ಕುರ್ಚಿ ತಗ್ಗಾಯಿತು ಎಂದರ್ಥ. ಮೊಣಕೈ ಟೇಬಲ್ ಮಟ್ಟಕ್ಕೆ ಬರಬೇಕು. ಎತ್ತರ ಬದಲಿಸಲು ಆಗದ ಸ್ಟೂಲಾದರೆ ಕಟ್‌ಪೀಸ್ ತುಂಬಿ ಗಟ್ಟಿ ದಿಂಬು ಮಾಡಿಕೊಳ್ಳಿ. ಸುಮ್ನೆ ಇಟ್ಟರೆ ಜಾರುತ್ತದೆ, ನಾಲ್ಕು ಮೂಲೆಗೂ ಲಾಡಿ ಹೊಲಿಯಿರಿ. ಹೊಲಿಯುವುದನ್ನು ನಿಮಗೆ ನಾನು ಹೇಳಿಕೊಡಬೇಕಾ!

ಈಗ ಪೆಡಲ್. ಅದು ದೂರವಿದ್ದರೆ ನೀವು ಗೊತ್ತಿಲ್ಲದೆ ಕುರ್ಚಿಯ ತುದಿಗೆ ಬರುತ್ತೀರಿ. ಬೆನ್ನಿಗೆ ಒರಗು ಇದ್ದೂ ಇಲ್ಲದಂತೆ. ಮೆಕ್ಯಾನಿಕ್‌ಗೆ ಹೇಳಿ ಹತ್ತಿರಕ್ಕೆ ಎಳೆಸಿ, ಪಾದ ಪೂರ್ತಿ ಊರುವಂತಿರಲಿ. ಟೇಬಲ್ ನಿಮ್ಮ ಕಡೆಗೆ 10 ಡಿಗ್ರಿಯಷ್ಟು ಓರೆಯಾಗಿದ್ದರೆ ಕತ್ತು ಕಡಿಮೆ ಬಗ್ಗುತ್ತದೆ. ಇದು ಮಾತ್ರ ಕಂಪನಿಯೇ ಮಾಡಿಸಬೇಕಾದ ಕೆಲಸ. ಬೆಳಕೂ ಅಷ್ಟೇ. ಕಪ್ಪು ಬಟ್ಟೆಗೆ ಕಪ್ಪು ನೂಲು ಬಂದ ದಿನ ಎಲ್ಲರ ಮೂಗೂ ಸೂಜಿಯ ಹತ್ತಿರವೇ ಇರುತ್ತದೆ ಅಲ್ವಾ? ಸೂಜಿ ಪಕ್ಕ ಒಂದು ಸಣ್ಣ ಎಲ್ಇಡಿ ಸಾಕು.

ಹೊಲಿಯಬೇಕಾದ ಪೀಸ್‌ಗಳ ಬಂಡಲ್ ನೆಲದ ಮೇಲೆ ಬೇಡವೇ ಬೇಡ. ಗಂಟೆಗೆ 60 ಪೀಸ್ ಟಾರ್ಗೆಟ್ ಇದ್ದು, ಒಂದೊಂದನ್ನೂ ಕೆಳಗಿಂದ ಎತ್ತಿಕೊಂಡರೆ 8 ಗಂಟೆಗೆ 480 ಸಲ ಸೊಂಟ ಬಗ್ಗಿ ತಿರುಚಿದಂತಾಯಿತು. ಮೊಣಕೈ ಎತ್ತರದ ಟ್ರೇ ಪಕ್ಕದಲ್ಲಿರಲಿ.

ನಿಂತೇ ಕೆಲಸ ಮಾಡುವ ಐರನ್, ಚೆಕಿಂಗ್‌ನವರು ಒಂದು ಕಾಲನ್ನು ಗೇಣೆತ್ತರದ ಮಣೆ ಮೇಲಿಟ್ಟು, ಆಗಾಗ ಬದಲಿಸಿ. ಉಳಿದ ನೂಲು ಕತ್ತರಿಸುವ ಟ್ರಿಮ್ಮಿಂಗ್‌ನವರು ಮೊಂಡು ಕತ್ತರಿ ಹಿಡಿಯಬೇಡಿ, ಒತ್ತಿ ಒತ್ತಿ ಹೆಬ್ಬೆರಳು ನೋಯುತ್ತದೆ.

ಗೋಡೆಗೆ ಅಂಟಿಸಿದ ವ್ಯಾಯಾಮದ ಚಿತ್ರಗಳನ್ನು ನಾನು ಜಾಸ್ತಿ ನಂಬುವುದಿಲ್ಲ. ಟಾರ್ಗೆಟ್ ತಲೆ ಮೇಲಿದ್ದಾಗ ಯಾರು ಮಾಡುತ್ತಾರೆ? ಅದರ ಬದಲು ಬಾಬಿನ್ ಬದಲಿಸುವಾಗಲೆಲ್ಲ ಕತ್ತೆತ್ತಿ ದೂರ ನೋಡಿ, ಭುಜ ಹಿಂದಕ್ಕೆ ಸುತ್ತಿಸಿ, ಬೆರಳು ಬಿಚ್ಚಿ ಮುಚ್ಚಿ. ಅರ್ಧ ನಿಮಿಷ ಸಾಕು. ನೀರನ್ನೂ ಕುಡಿಯಿರಿ, ಟಾಯ್ಲೆಟ್‌ಗೆ ಏಳಬೇಕಾಗುತ್ತದೆ, ಆಗಲಿ ಬಿಡಿ.

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತುತ್ತಿರಬಹುದು. ತಿಂಗಳುಗಟ್ಟಲೆ ಕಾಯದೆ ಇಎಸ್ಐ (ಕಾರ್ಮಿಕರ ವಿಮೆ) ಕಾರ್ಡ್ ಹಿಡಿದು ಆಸ್ಪತ್ರೆಗೆ ಹೋಗಿ. ಡಾಕ್ಟರ್ ಹತ್ತಿರ ಬರೀ ಕೈನೋವು ಎನ್ನಬೇಡಿ. ಅಂಚು ಹೊಲಿಯುವ ಓವರ್‌ಲಾಕಾ, ಐರನ್ನಾ, ಕತ್ತರಿಯಾ, ದಿನಕ್ಕೆ ಎಷ್ಟು ಪೀಸ್ ಎಂಬುದನ್ನೂ ಹೇಳಿ.