ಹದಿನಾರರ ನಿಮ್ಮನ್ನು ಈಗಿನ ಮನೆಗೆ ಕರೆಯುವುದು ಹೇಗೆ?

ಚಿಕ್ಕವರಿದ್ದಾಗಿನ ನೀವು ಈಗಿನ ನಿಮ್ಮನ್ನು ನೋಡಿದರೆ ಏನಂದಾರು? ಹದಿನಾರರ ನಿಮ್ಮನ್ನು ಕಲ್ಪನೆಯಲ್ಲಿ ಮನೆಗೆ ಕರೆದು, ಅವರು ಕೇಳುವ ಪ್ರಶ್ನೆಗಳನ್ನು ಬರೆದು ನೋಡಬಹುದು. ಥಟ್ಟನೆ ಬರುವ ಉತ್ತರ ಸಾಮಾನ್ಯವಾಗಿ ಈಗಿನ ನಿಮ್ಮದೇ. ಅಮೆರಿಕದ ಮನೋವೈದ್ಯ ಡೇನಿಯಲ್ ಆಫರ್ 1962ರಲ್ಲಿ 14 ವರ್ಷದ 73 ಹುಡುಗರನ್ನು ಮನೆ, ಧರ್ಮ, ಅಪ್ಪ ಅಮ್ಮನ ಶಿಸ್ತಿನ ಬಗ್ಗೆ ಕೇಳಿ ಬರೆದಿಟ್ಟಿದ್ದರು. ಅವರಲ್ಲಿ ಹೆಚ್ಚಿನವರನ್ನು 48ರ ಆಸುಪಾಸಿನಲ್ಲಿ 'ಆಗ ಏನು ಹೇಳಿದ್ದಿರಿ?' ಎಂದು ಕೇಳಿದರೆ, ನಾಣ್ಯ ಚಿಮ್ಮಿ ಊಹಿಸಿದಷ್ಟೇ ಸರಿ ಉತ್ತರ ಬಂತು. ಹಾಗಾಗಿ ಮೊದಲು ಆ ಕಾಲದ ಕಾಗದಪತ್ರವನ್ನು ಕೇಳಿ, ನೆನಪನ್ನು ಆಮೇಲೆ.

'ಬಾಲ್ಯ' ಅಂತ ಇಟ್ಟುಕೊಂಡರೆ ಯಾರೂ ಬರುವುದಿಲ್ಲ. ಒಂದು ತಿಂಗಳನ್ನು ಗೊತ್ತುಮಾಡಿ. ಎಸ್ಸೆಸ್ಸೆಲ್ಸಿ ಮುಗಿಸಿ ಫಲಿತಾಂಶಕ್ಕೆ ಕಾದ ರಜೆ ಒಳ್ಳೆಯದು, ಆಗ ಮುಂದೇನು ಅನ್ನುವುದೇ ಮನೆಯವರ ಮಾತೆಲ್ಲ. ಆ ವಯಸ್ಸಿನಲ್ಲಿ ದೊಡ್ಡ ಪೆಟ್ಟೇನಾದರೂ ಬಿದ್ದಿದ್ದರೆ ಬೇರೆ ವರ್ಷ ಆರಿಸಿ.

ಅಟ್ಟದ ಟ್ರಂಕಿನಿಂದ ಆ ಕಾಲದ ಕನಿಷ್ಠ ಮೂರು ವಸ್ತು ತೆಗೆಯಿರಿ. ಗ್ರೂಪ್ ಫೋಟೊ, ಮಾರ್ಕ್ಸ್ ಕಾರ್ಡು ಸಾಧಾರಣವಾಗಿ ಸಿಗುತ್ತವೆ. ಆಟೋಗ್ರಾಫ್ ಪುಸ್ತಕ, ನೋಟ್‌ಬುಕ್ಕಿನ ಕೊನೇ ಹಾಳೆಯ ಗೀಚು, ಇನ್‌ಲ್ಯಾಂಡ್ ಲೆಟರ್ ಸಿಕ್ಕರೆ ಭಾಗ್ಯ. ಏನೂ ಇಲ್ಲವೇ? ಆಗಿನ ಮನೆಯ ನಕ್ಷೆ ಬರೆಯಿರಿ: ಒಲೆ ಎಲ್ಲಿ, ಯಾರ ಹಾಸಿಗೆ ಎಲ್ಲಿ, ಲೈಟಿನ ಸ್ವಿಚ್ಚು ಯಾವ ಗೋಡೆಗೆ. ಬರೆಯುತ್ತ ಹೋದಂತೆ ಉಳಿದದ್ದೂ ಬರುತ್ತದೆ.

ಈಗ ಕಳೆದ ಮಂಗಳವಾರವನ್ನು ಗಂಟೆಗಂಟೆಗೆ ಒಂದು ಹಾಳೆಯಲ್ಲಿ ಇಳಿಸಿ. ಪದವಿ, ಸಂಬಳ, ಸೈಟು ಬೇಡ. ಅವು ನೆಂಟರಿಗೆ ಹೇಳುವ ಮಾತು. ಎಷ್ಟು ಹೊತ್ತಿಗೆ ಎದ್ದಿರಿ, ಯಾರ ಜೊತೆ ಉಂಡಿರಿ, ಯಾರ ಫೋನು ಎತ್ತಲಿಲ್ಲ, ಇಷ್ಟು ಸಾಕು.

ಮುಂದಿನದೇ ಮುಖ್ಯ. 20 ನಿಮಿಷಕ್ಕೆ ಅಲಾರಂ ಇಟ್ಟು, ಆ ಹಾಳೆ ನೋಡಿದ ಹುಡುಗ ಅಥವಾ ಹುಡುಗಿ ಕೇಳುವ ಪ್ರಶ್ನೆಗಳನ್ನಷ್ಟೇ ಪೆನ್ನಿನಲ್ಲಿ ಬರೆಯಿರಿ. ಕನಿಷ್ಠ 15 ಬೇಕು. ಮೊದಲಿನವು 'ಕಾರಿದೆಯಾ?', 'ಮದುವೆ ಆಯ್ತಾ?' ಥರದವು. ಅವು ಖಾಲಿಯಾದ ಮೇಲೆ 'ರಾತ್ರಿ ಊಟಕ್ಕೆ ಯಾಕೆ ಯಾರೂ ಮಾತಾಡಲ್ಲ?' ಬರುತ್ತದೆ. ಭಾಷೆ ಆಗಿನದ್ದೇ ಇರಲಿ: ಹುಬ್ಬಳ್ಳಿಯ ಹುಡುಗ 'ಏನಪಾ ಇದು' ಅಂದಾನು, ಮಂಡ್ಯದವನು 'ಏನ್ಲಾ ಇದು' ಅಂದಾನು. ಆಫೀಸಿನ ಮಿಂಚಂಚೆಯ ಕನ್ನಡ ನುಸುಳಿತೋ, ಕೂತಿರುವುದು ಈಗಿನ ನೀವೇ.

ಕೆಡುವುದು ಎರಡು ರೀತಿ. ಒಂದು, ಆ ಮಗು ನಿಮ್ಮಪ್ಪನ ಹಾಗೆ ಬೈಯತೊಡಗುತ್ತದೆ. ಇನ್ನೊಂದು, ಹೊಗಳಿ ಹೊನ್ನಶೂಲಕ್ಕೇರಿಸುತ್ತದೆ. ಎರಡಕ್ಕೂ ಮದ್ದು ಒಂದೇ: ಪ್ರತಿ ಸಾಲನ್ನೂ ಓದಿ, ಆ ವಯಸ್ಸಿಗೆ ಗೊತ್ತಿರಲಾರದ್ದನ್ನು ಹೊಡೆದುಹಾಕಿ. ಇಎಂಐ, ಅಪ್ರೈಸಲ್, ಬಿಪಿ ಅದಕ್ಕೆ ಗೊತ್ತಿಲ್ಲ. ರಾತ್ರಿ ದರ ಇಳಿಯಲಿ ಅಂತ ದೂರದೂರಿಗೆ ಫೋನು ಮಾಡುವ ಎಸ್‌ಟಿಡಿ ಬೂತಿನ ಮುಂದೆ ಕಾದವರಿಗೆ ನಿಮ್ಮ ವಿಡಿಯೋ ಕಾಲೇ ಪವಾಡ. ನಿಮಗೆ ಅದು ಕಿರಿಕಿರಿ.

ನೀವು ಡಾಕ್ಟರಾಗಲಿಲ್ಲವೆಂದು ಆ ಮಗು ಮುಖ ಊದಿಸಿಕೊಂಡರೆ ಅದನ್ನು ತೀರ್ಪು ಅನ್ನಬೇಡಿ. ಊರಲ್ಲಿ ಡಾಕ್ಟರು, ಮೇಷ್ಟ್ರು, ಬ್ಯಾಂಕಿನವರನ್ನು ಬಿಟ್ಟು ಬೇರೆ ಕಸುಬನ್ನೇ ಅದು ನೋಡಿರಲಿಲ್ಲ.

ಉತ್ತರಗಳನ್ನು ಮಾರನೇ ದಿನ ಬರೆಯಿರಿ, ಒಂದೊಂದಕ್ಕೆ ಒಂದೇ ಸಾಲು, 'ಯಾಕಂದ್ರೆ' ಇಲ್ಲದೆ. ಬರೆಯಲಾಗದ ಪ್ರಶ್ನೆಯ ಮುಂದೆ ಜಾಗ ಖಾಲಿ ಬಿಟ್ಟು, ಹಾಳೆಯನ್ನು ಅದೇ ಟ್ರಂಕಿಗೆ ಹಾಕಿ.