ಬಾಯಿಹುಣ್ಣಿಗೆ ಒಂದೆಲಗದ ತಂಬುಳಿ

ಒಂದೆಲಗ ಅಂದ್ರೆ ಗೊತ್ತಲ್ಲ, ತೋಟದ ಕಾಲುವೆ ಬದಿ, ಗದ್ದೆ ಅಂಚು, ಎಲ್ಲಿ ನೀರಿನ ಪಸೆ ಇರತ್ತೋ ಅಲ್ಲೆಲ್ಲ ನೆಲಕ್ಕೆ ಅಂಟ್ಕೊಂಡು ಹಬ್ಬೋ ಗಿಡ, ತುಳುವಲ್ಲಿ ತಿಮರೆ ಅಂತಾರೆ. ಒಂದು ದಂಟಿಗೆ ಒಂದೇ ಎಲೆ, ಕಿಡ್ನಿ ಶೇಪು. ಇದನ್ನೇ ಬ್ರಾಹ್ಮಿ ಅಂತಲೂ ಕರೀತಾರೆ, ಆದ್ರೆ ನೀರುಬ್ರಾಹ್ಮಿ ಬೇರೆ ಗಿಡ, ಅದರ ಎಲೆ ಸಣ್ಣ, ದಪ್ಪ, ಕನ್ಫ್ಯೂಸ್ ಆಗ್ಬೇಡಿ. ಚರಂಡಿ ಪಕ್ಕದ್ದು, ಔಷಧಿ ಹೊಡೆದ ಜಾಗದ್ದು ಮಾತ್ರ ಕೀಳ್ಬೇಡಿ.

ಒಂದು ಹಿಡಿ ಎಲೆನ ದಂಟು ಸಮೇತ ಮೂರ್ನಾಲ್ಕು ಸಲ ತೊಳೀರಿ, ಮಣ್ಣು ಜಾಸ್ತಿ ಇರತ್ತೆ. ಚೂರು ತುಪ್ಪದಲ್ಲಿ 1 ಚಮಚ ಜೀರಿಗೆ, 4 ಕಾಳುಮೆಣಸು ಹುರಿದು ಎಲೆ ಹಾಕಿ ಬಾಡಿಸಿ, ಆರಿದ ಮೇಲೆ ಅರ್ಧ ಕಪ್ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ 2 ಕಪ್ ಮಜ್ಜಿಗೆ, ಉಪ್ಪು ಸೇರಿಸಿ ಸಾಸಿವೆ ಒಗ್ಗರಣೆ ಕೊಡಿ. ಕುದಿಸೋಕೆ ಹೋಗ್ಬೇಡಿ, ಮಜ್ಜಿಗೆ ಒಡೆಯತ್ತೆ. ಬಾಯಿಹುಣ್ಣು ಇದ್ರೆ ಮೆಣಸು ಬಿಟ್ಬಿಡಿ, ಉರಿಯತ್ತೆ!

ಮಲೆನಾಡು, ಕರಾವಳಿ ಕಡೆ ಬಾಯಿಹುಣ್ಣಿಗೆ, ಮೈ ಉಷ್ಣಕ್ಕೆ ಇದನ್ನೇ ಮಾಡೋದು. ಮಕ್ಕಳಿಗೆ ಬೆಳಿಗ್ಗೆ ಎರಡು ಎಲೆ ಜಗಿಯೋಕೆ ಕೊಟ್ರೆ ನೆನಪಿನಶಕ್ತಿ ಜಾಸ್ತಿ ಅಂತ ಅಜ್ಜಿ ಹೇಳ್ತಿದ್ರು, ನಾನೂ ಜಗಿದಿದೀನಿ, ಗಣಿತದ ಮಾರ್ಕ್ಸ್ ಏನೂ ಏರ್ಲಿಲ್ಲ ಬಿಡಿ.

ಬಸುರಿಯರು, ಲಿವರ್ ತೊಂದರೆ ಇರೋರು ಡಾಕ್ಟರನ್ನ ಕೇಳಿಯೇ ತಿನ್ನಿ. ಹುಣ್ಣು 2 ವಾರ ಆದ್ರೂ ಮಾಯದಿದ್ರೆ ತಂಬುಳಿ ನಂಬ್ಕೊಂಡು ಕೂರ್ಬೇಡಿ, ತೋರಿಸ್ಕೊಳ್ಳಿ.