ಚಿಕ್ಕ ಮಕ್ಕಳಿರುವ ತೋಟದ ಮನೆಗಳು ವಿಲ್ ಮೂಲಕ ಟ್ರಸ್ಟ್ ಮಾಡುವ ಕ್ರಮ

ಮಕ್ಕಳು ಇನ್ನೂ ಶಾಲೆಗೆ ಹೋಗುತ್ತಿರುವ ಮನೆಯಲ್ಲಿ ಆಸ್ತಿಯ ಮಾತು ಬಂದರೆ ‘ಈಗಲೇ ಏನವಸರ’ ಎನ್ನುವುದು ವಾಡಿಕೆ. ಆದರೆ ವಿಲ್ ಬರೆಯದೆ ಮನೆಯ ಯಜಮಾನ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವನ ಸ್ವಯಾರ್ಜಿತ ಆಸ್ತಿ ಹೆಂಡತಿ, ಮಕ್ಕಳು ಮತ್ತು ತಾಯಿಗೆ ಸಮಪಾಲಾಗಿ ಹೋಗುತ್ತದೆ, ಪೌತಿ ಖಾತೆಯಾದಾಗ (ಸತ್ತವರ ಖಾತೆ ವಾರಸುದಾರರ ಹೆಸರಿಗೆ ಬದಲಾದಾಗ) ಪಹಣಿಯಲ್ಲಿ ಅಪ್ರಾಪ್ತ ಮಕ್ಕಳ ಹೆಸರೂ ಸೇರುತ್ತದೆ. ಆಮೇಲೆ ಆ ಪಾಲನ್ನು ಮಾರಲು, ಅಡವಿಡಲು ಅಥವಾ ಐದು ವರ್ಷ ಮೀರಿದ ಅವಧಿಗೆ ಗುತ್ತಿಗೆ ಕೊಡಲು ಹೆತ್ತ ತಾಯಿಯೂ ನ್ಯಾಯಾಲಯದ ಅನುಮತಿ ತರಬೇಕು. ಮಕ್ಕಳ ಪಾಲಿನ ಹಣದ ತೊಡಕು ಬೇರೆಯದು: ಹದಿನೆಂಟು ತುಂಬಿತೆಂದರೆ ಅದು ಪೂರ್ತಿ ಅವರ ಕೈಗೆ ಬರುತ್ತದೆ. ಈ ಎರಡನ್ನೂ ತಪ್ಪಿಸಲು 1882ರ ಭಾರತೀಯ ಟ್ರಸ್ಟ್ ಕಾಯ್ದೆಯಡಿ ಖಾಸಗಿ ಕುಟುಂಬ ಟ್ರಸ್ಟ್ ಮಾಡಲು ಅವಕಾಶವಿದೆ. ಟ್ರಸ್ಟ್ ಎಂದರೆ ಆಸ್ತಿಯನ್ನು ನಂಬಿಕಸ್ಥರ (ಟ್ರಸ್ಟಿಗಳ) ಕೈಗೆ ಒಪ್ಪಿಸಿ, ಅದರ ಪ್ರಯೋಜನ ಮಕ್ಕಳಂಥ ಫಲಾನುಭವಿಗಳಿಗೆ ಸಿಗುವಂತೆ ಮಾಡುವ ಏರ್ಪಾಡು. (ಇಲ್ಲಿ ಹೇಳುತ್ತಿರುವುದು ಹಿಂದೂ ಕಾನೂನಿಗೆ ಒಳಪಟ್ಟ ಕುಟುಂಬಗಳ ವಿಚಾರ.)

ಬದುಕಿರುವಾಗಲೇ ಟ್ರಸ್ಟ್ ಮಾಡಿ ಜಮೀನನ್ನು ಅದಕ್ಕೆ ವರ್ಗಾಯಿಸಬಹುದು, ಆದರೆ ಆ ಪತ್ರ ನೋಂದಣಿಯಾಗಲೇಬೇಕು ಮತ್ತು ಮುದ್ರಾಂಕ ಶುಲ್ಕ ಬೀಳುತ್ತದೆ. ರದ್ದುಪಡಿಸುವ ಹಕ್ಕನ್ನು ಪತ್ರದಲ್ಲೇ ಉಳಿಸಿಕೊಳ್ಳದಿದ್ದರೆ ಮುಂದೆ ಮನಸ್ಸು ಬದಲಾದರೂ ಹಿಂದೆಗೆಯಲು ಆಗುವುದಿಲ್ಲ, ಏಕೆಂದರೆ ಅದಕ್ಕೆ ಒಪ್ಪಿಗೆ ಕೊಡಬೇಕಾದ ಫಲಾನುಭವಿಗಳು ಇನ್ನೂ ಅಪ್ರಾಪ್ತರು. ಆದ್ದರಿಂದ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಸಾಮಾನ್ಯ ಅಡಿಕೆ ಬೆಳೆಗಾರರಿಗೆ ವಿಲ್‌ನಲ್ಲೇ ಟ್ರಸ್ಟ್ ಬರೆದಿಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಅದು ಸಾವಿನ ನಂತರವೇ ಜಾರಿಗೆ ಬರುತ್ತದೆ, ಮುದ್ರಾಂಕ ಶುಲ್ಕವಿಲ್ಲ, ಬರೆದವರು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು.

ಮೊದಲು ಪಹಣಿಗಳನ್ನು ಮುಂದಿಟ್ಟುಕೊಂಡು ಯಾವುದು ತಮ್ಮದು ಎಂದು ವಿಂಗಡಿಸಬೇಕು. ಪಿತ್ರಾರ್ಜಿತದಲ್ಲಿ ತಮ್ಮ ಪಾಲನ್ನಷ್ಟೇ ವಿಲ್ ಮಾಡಲು ಸಾಧ್ಯ, 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳೂ ಅದರಲ್ಲಿ ಹುಟ್ಟಿನಿಂದಲೇ ಸಮಾನ ಪಾಲುದಾರರು. ತೋಟಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಸರ್ಕಾರಿ ಜಾಗದಲ್ಲಿ) ನಮಗಿರುವುದು ಸೌಲಭ್ಯ ಮಾತ್ರ, ಒಡೆತನವಲ್ಲ. ಅದನ್ನು ಸ್ವಂತ ಆಸ್ತಿಯ ಪಟ್ಟಿಗೆ ಸೇರಿಸಬಾರದು. ಬಗರ್‌ಹುಕುಂ (ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನಿನ) ಮಂಜೂರಾತಿಯ ಜಮೀನಾದರೆ ಪರಭಾರೆಯ, ಅಂದರೆ ಬೇರೆಯವರಿಗೆ ವರ್ಗಾಯಿಸುವ, ಷರತ್ತುಗಳನ್ನು ಓದಿಕೊಳ್ಳಬೇಕು. ಅಣ್ಣತಮ್ಮಂದಿರ ಜಂಟಿ ಖಾತೆಯಿದ್ದರೆ ಪಾಲುಪಟ್ಟಿ ಮತ್ತು ಪೋಡಿ (ಅಳತೆ ಮಾಡಿ ಪಾಲು ಬೇರ್ಪಡಿಸುವುದು) ಮೊದಲು, ವಿಲ್ ಆಮೇಲೆ.

ಇನ್ನು ಜನರ ಆಯ್ಕೆ. ಮಗುವನ್ನು ಸಾಕುವವರು ಮತ್ತು ಮಗುವಿನ ಆಸ್ತಿ ನೋಡಿಕೊಳ್ಳುವವರು ಬೇರೆ ಬೇರೆಯಾಗಿರುವುದು ಒಳ್ಳೆಯದು. ಪ್ರೀತಿಯಿಂದ ಸಾಕುವ ಚಿಕ್ಕಮ್ಮನಿಗೆ ಲೆಕ್ಕಪತ್ರದ ಅಭ್ಯಾಸವಿಲ್ಲದಿರಬಹುದು, ಲೆಕ್ಕದಲ್ಲಿ ಗಟ್ಟಿಯಾದ ಮಾವನ ಮನೆಯಲ್ಲಿ ಮಗುವಿಗೆ ಹೊಂದಿಕೆಯಾಗದಿರಬಹುದು. ಅಪ್ಪ ಅಮ್ಮ ಇಬ್ಬರೂ ತಮ್ಮ ತಮ್ಮ ವಿಲ್‌ಗಳಲ್ಲಿ ಒಬ್ಬರನ್ನೇ ಪಾಲಕರೆಂದು ಹೆಸರಿಸಬೇಕು. ತಂದೆ ಹೆಸರಿಸಿದ ಪಾಲಕರಿಗೆ ತಾಯಿ ಬದುಕಿರುವವರೆಗೆ ಅಧಿಕಾರ ಬರುವುದಿಲ್ಲ. ಟ್ರಸ್ಟಿಗಳು ಇಬ್ಬರಿರಲಿ, ಅವರಲ್ಲೊಬ್ಬರು ಊರಿನಲ್ಲೇ ಇದ್ದು ತೋಟ ಬಲ್ಲವರಾಗಿರಲಿ. ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ ಟ್ರಸ್ಟಿಗಳೆಲ್ಲರೂ ಕೂಡಿಯೇ ನಡೆಸಬೇಕೆಂಬುದು ಟ್ರಸ್ಟ್ ಕಾಯ್ದೆಯ ನಿಯಮ. ಆದ್ದರಿಂದ ದಿನನಿತ್ಯದ ಕೆಲಸಕ್ಕೆ ಒಬ್ಬರ ಸಹಿ ಸಾಕು, ಮಾರಾಟಕ್ಕೆ ಇಬ್ಬರದೂ ಬೇಕು ಎಂದು ಬರೆಯಬೇಕು. ಸಂಭಾವನೆಯನ್ನೂ ನಮೂದಿಸದಿದ್ದರೆ ಸಿಗದು. ಪುಕ್ಕಟೆ ದುಡಿಮೆಯನ್ನು ಹತ್ತು ಹದಿನೈದು ವರ್ಷ ಯಾರಿಂದಲೂ ನಿರೀಕ್ಷಿಸಬಾರದು.

ಅಧಿಕಾರಗಳ ಭಾಗಕ್ಕೆ ಹೆಚ್ಚು ಹೊತ್ತು ಕೊಡಬೇಕು. ‘ಆಸ್ತಿಯನ್ನು ಮಕ್ಕಳ ಹಿತಕ್ಕಾಗಿ ನಿರ್ವಹಿಸತಕ್ಕದ್ದು’ ಎಂಬ ಒಂದೇ ಸಾಲಿನಲ್ಲಿ ಮುಗಿಸಿದ ವಿಲ್ ತೋಟಕ್ಕೆ ಪ್ರಯೋಜನವಿಲ್ಲ. ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಡಬಹುದೇ, ಕೊಟ್ಟರೆ ಒಂದು ಸಲಕ್ಕೆ ಎಷ್ಟು ವರ್ಷಕ್ಕೆ. ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಖರ್ಚು, ಮಣ್ಣು ಹಾಕಿಸುವ ಖರ್ಚು, ಸತ್ತ ಮರದ ಜಾಗಕ್ಕೆ ಸಸಿ ಇಡಿಸುವ ಖರ್ಚು ಯಾವ ಹಣದಿಂದ. ಎಲೆಚುಕ್ಕೆ ರೋಗ ಬಂದು ಫಸಲು ಕೈಕೊಟ್ಟ ವರ್ಷ ಸಹಕಾರ ಸಂಘದಲ್ಲಿ ಸಾಲ ಎತ್ತಬಹುದೇ. ಅಡಿಕೆಯನ್ನು ಮಂಡಿಗೆ ಹಾಕಿದ ಮೇಲೆ ಪಟ್ಟಿಯ ಹಣ ಯಾವ ಖಾತೆಗೆ ಬೀಳಬೇಕು: ಇವೆಲ್ಲ ಅಕ್ಷರದಲ್ಲಿರಬೇಕು. ಮಕ್ಕಳ ಓದು, ಪಾಲನೆಗೆ ಟ್ರಸ್ಟಿಗಳು ಆದಾಯವನ್ನು ಬಳಸಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಆದಾಯ ಸಾಲದೆ ಮೂಲ ಆಸ್ತಿಗೆ ಕೈಹಾಕಬೇಕಾದರೆ ಸಿವಿಲ್ ನ್ಯಾಯಾಲಯದ ಅನುಮತಿ ಬೇಕಾಗುತ್ತದೆ. ಕಾಲೇಜು ಶುಲ್ಕಕ್ಕೋ ಆಸ್ಪತ್ರೆಗೋ ಠೇವಣಿಯ ಅಸಲನ್ನು ಮುರಿಯಬಹುದೆಂದು ವಿಲ್‌ನಲ್ಲೇ ಬರೆದಿಟ್ಟರೆ ಆ ಅಲೆದಾಟ ತಪ್ಪುತ್ತದೆ.

ಯಾವ ವಯಸ್ಸಿಗೆ ಒಪ್ಪಿಸಬೇಕೆಂಬಲ್ಲಿ ಒಂದು ಸೂಕ್ಷ್ಮವಿದೆ. ‘ಇಪ್ಪತ್ತೈದಕ್ಕೆ ಕೊಡಿ’ ಎಂದು ಬರೆದಿದ್ದರೂ ಫಲಾನುಭವಿ ಒಬ್ಬನೇ ಆಗಿದ್ದರೆ, ಹದಿನೆಂಟು ತುಂಬಿದ ಮೇಲೆ ಆಸ್ತಿಯನ್ನು ತನಗೆ ಬಿಟ್ಟುಕೊಡಿ ಎಂದು ಅವನು ಟ್ರಸ್ಟಿಗಳನ್ನು ಕೇಳಲು ಟ್ರಸ್ಟ್ ಕಾಯ್ದೆಯ 56ನೇ ಕಲಂ ಎಡೆಗೊಡುತ್ತದೆ. ಹಲವರಿದ್ದು ಎಲ್ಲರೂ ಪ್ರಾಪ್ತರಾಗಿ ಒಮ್ಮತಕ್ಕೆ ಬಂದರೂ ಹಾಗೆಯೇ. ತಾಯಿಯನ್ನೂ ಆದಾಯದ ಫಲಾನುಭವಿಯಾಗಿ ಸೇರಿಸುವುದು, ಇಪ್ಪತ್ತೈದಕ್ಕೆ ಮುಂಚೆ ಮಗು ತೀರಿಕೊಂಡರೆ ಪಾಲು ಇನ್ಯಾರಿಗೆ ಎಂದು ಹೇಳುವುದು ಇದಕ್ಕೆ ಪರಿಹಾರ. ಈ ಒಕ್ಕಣೆಯನ್ನು ಮಾತ್ರ ವಕೀಲರಿಂದಲೇ ಬರೆಸಬೇಕು.

ಜೀವವಿಮೆಯನ್ನು ವಿಲ್‌ಗೆ ಎಳೆಯಬೇಕಾಗಿಲ್ಲ. ಗಂಡ ತನ್ನ ಜೀವದ ಮೇಲೆ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಹೆಂಡತಿ ಮಕ್ಕಳಿಗಾಗಿ ಪಾಲಿಸಿ ಮಾಡಿಸಿದರೆ ಅದು ತಾನಾಗಿಯೇ ಟ್ರಸ್ಟ್ ಆಗುತ್ತದೆ, ಸಾಮಾನ್ಯವಾಗಿ ಸಾಲಗಾರರ ಕೈಗೆ ಸಿಗುವುದಿಲ್ಲ. ಪಾಲಿಸಿ ತೆಗೆಯುವಾಗಲೇ ಇದಕ್ಕೆ ಅರ್ಜಿ ಕೊಡಬೇಕು.

ವಿಲ್‌ಗೆ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು; ಪಾಲು ಪಡೆಯುವವರು ಸಾಕ್ಷಿಗಳಾಗದಿರುವುದು ಕ್ಷೇಮ. ನೋಂದಣಿ ಕಡ್ಡಾಯವಲ್ಲದಿದ್ದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿದರೆ ಮುಂದೆ ದಾಯಾದಿಗಳ ತಕರಾರಿಗೆ ಬಲ ಕಡಿಮೆಯಾಗುತ್ತದೆ. ಮೂಲಪ್ರತಿ ಎಲ್ಲಿದೆ ಎಂಬುದನ್ನು ಇಬ್ಬರು ಟ್ರಸ್ಟಿಗಳಿಗೂ ತಿಳಿಸಿ, ಜೊತೆಗೆ ಪಹಣಿ, ಠೇವಣಿ ರಸೀದಿ, ಮಂಡಿ ಮತ್ತು ಸಂಘದ ಸದಸ್ಯತ್ವ ಸಂಖ್ಯೆಗಳ ಒಂದು ಪಟ್ಟಿಯನ್ನು ಇಟ್ಟಿರಬೇಕು.